ವಸಡಿನಲ್ಲಿ ರಕ್ತ ಬಂದರೆ ಇಮ್ಯೂನಿಟಿ ಕಮ್ಮಿ ಅಂತಲ್ಲ

ಪ್ರಶ್ನೆ: ನನಗೆ 31 ವರ್ಷ, ಊರು ಮಂಡ್ಯ. ಕೆಲಸಕ್ಕೆ ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುತ್ತೇನೆ. ಒಂದು ತಿಂಗಳಿಂದ ಹಲ್ಲುಜ್ಜುವಾಗ ಕೆಳಗಿನ ಮುಂದಿನ ಹಲ್ಲುಗಳ ಹತ್ತಿರ ರಕ್ತ ಬರುತ್ತಿದೆ. ನೋವಿಲ್ಲ. ಇಮ್ಯೂನಿಟಿ ಕಮ್ಮಿಯಾಗಿದೆ ಎಂದು ಸ್ನೇಹಿತರೊಬ್ಬರು ಹೇಳಿದರು, ಹಾಗಾಗಿ ವಿಟಮಿನ್ ಸಿ ಮಾತ್ರೆ ಮತ್ತು ಅಮೃತಬಳ್ಳಿ ಕಷಾಯ ಶುರು ಮಾಡಿದ್ದೇನೆ. ಇನ್ನೊಬ್ಬರು ಇಮ್ಯೂನಿಟಿ ಜಾಸ್ತಿಯಾಗಿ ದೇಹವೇ ವಸಡನ್ನು ತಿನ್ನುತ್ತಿದೆ ಎನ್ನುತ್ತಾರೆ. ಯಾವುದು ಸರಿ? ರಕ್ತ ಬರುವ ಕಡೆ ಬ್ರಷ್ ತಾಗಿಸುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಇನ್ನೊಂದು ವಿಷಯ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ, ಹಲ್ಲುಗಳು ಅಲ್ಲಾಡುತ್ತಿವೆ. ಚಿಕ್ಕಮ್ಮ ಅದೇ ಮನೆಯಲ್ಲಿ ಬೆಳೆದು ಅದೇ ಥರ ಹಲ್ಲುಜ್ಜಿದವರು, ಅವರಿಗೇನೂ ಆಗಿಲ್ಲ. ಇದು ಯಾಕೆ?

ಉತ್ತರ: ಮೊದಲು ಒಂದು ಕೆಲಸ ಹೇಳುತ್ತೇನೆ, ಉಳಿದದ್ದು ಆಮೇಲೆ. ಬ್ರಷ್ ತಾಗಿಸದೆ ಬಿಟ್ಟಿದ್ದೀರಲ್ಲ, ಆ ಜಾಗವನ್ನು ಇವತ್ತು ರಾತ್ರಿಯಿಂದಲೇ ಉಜ್ಜಿ. ಮೆತ್ತನೆಯ ಬ್ರಷ್ ಇರಲಿ, ಜೋರಾಗಿ ಒತ್ತುವುದು ಬೇಡ, ಆದರೆ ಬಿಡಬೇಡಿ. ರಕ್ತ ಬರುತ್ತದೆ. ಬರಲಿ. ಕೆಲವು ದಿನ ಬಂದು ಕಮ್ಮಿಯಾಗುತ್ತಾ ಹೋಗುತ್ತದೆ. ಮೈಸೂರಿನಲ್ಲಿ ವಸಡಿನ ಡಾಕ್ಟರಾಗಿ ಕೂತಿರುವ ನನಗೆ ತುಂಬಾ ಬೇಸರ ತರುವ ವಿಷಯ ಇದೇ. ರಕ್ತ ನೋಡಿ ಹೆದರಿ ಜನ ಆ ಜಾಗ ಮುಟ್ಟುವುದನ್ನು ಬಿಡುತ್ತಾರೆ, ಬಿಟ್ಟಷ್ಟೂ ಅಲ್ಲಿ ಪಾಚಿ, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಕೂರುತ್ತದೆ, ಪಾಚಿ ಕೂತಷ್ಟೂ ರಕ್ತ ಜಾಸ್ತಿ, ರಕ್ತ ಜಾಸ್ತಿಯಾದಷ್ಟೂ ಹೆದರಿಕೆ ಜಾಸ್ತಿ, ಹೀಗೆ ಸುತ್ತಿ ಸುತ್ತಿ ನನ್ನ ಕುರ್ಚಿಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಈಗ ನಿಮ್ಮ ಸ್ನೇಹಿತರ ಮಾತು. ಇಬ್ಬರದೂ ಪೂರ್ತಿ ಸರಿ ಇಲ್ಲ, ಎರಡನೆಯವರು ಸ್ವಲ್ಪ ಹತ್ತಿರ ಬಂದಿದ್ದಾರೆ. ವಸಡು ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ರಕ್ತ ಬರುತ್ತಿದೆ ಎಂದರೆ ನಿಮ್ಮ ರೋಗನಿರೋಧಕ ಶಕ್ತಿ ಅಲ್ಲಿ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಅದು ಸೋತಿದೆ ಅಂತಲ್ಲ, ಹುಚ್ಚು ಹಿಡಿದಿದೆ ಅಂತಲೂ ಅಲ್ಲ. ಅದಕ್ಕೆ ಮುಗಿಯದಷ್ಟು ಕೆಲಸ ಕೊಟ್ಟಿದ್ದೇವೆ, ಅಷ್ಟೇ. ಈ ಕೆಂಪು, ಈ ಊತ ಹೆಚ್ಚಿನ ಪಾಲು ನಿಮ್ಮ ದೇಹವೇ ಮಾಡಿಕೊಂಡದ್ದು. ಕೆಣಕಿದ್ದು ಮಾತ್ರ ಬ್ಯಾಕ್ಟೀರಿಯಾ. ಇದಕ್ಕೆ ನಾವು ಜಿಂಜಿವೈಟಿಸ್ ಎನ್ನುತ್ತೇವೆ, ವಸಡಿನ ಉರಿಯೂತದ ಮೊದಲ ಹಂತ. ನಿಮ್ಮ ವಯಸ್ಸು, ನೋವಿಲ್ಲ ಎಂದದ್ದು, ಜಾಗ ಎಲ್ಲ ನೋಡಿದರೆ ನಿಮ್ಮದು ಇದೇ ಇರಬೇಕು. ಆದರೂ ಬಾಯಿ ನೋಡದೆ ಖಚಿತ ಹೇಳಲಾಗದು, ಒಮ್ಮೆ ಡಾಕ್ಟರಿಗೆ ತೋರಿಸಿ.

ಹಲ್ಲಿನ ಬುಡ ಎಂಥ ಜಾಗ ಎಂದು ಸ್ವಲ್ಪ ಯೋಚಿಸಿ. ಮೈಗೆಲ್ಲ ಚರ್ಮದ ಹೊದಿಕೆ ಇದೆ, ಬಾಯಿಯಿಂದ ಕರುಳಿನವರೆಗೂ ತೆಳು ಪೊರೆಯ ಹೊದಿಕೆ ಇದೆ. ಹಲ್ಲೊಂದೇ ಆ ಹೊದಿಕೆಯನ್ನು ಸೀಳಿಕೊಂಡು, ಮೂಳೆಯಲ್ಲಿ ಬುಡ ಊರಿ, ಹೊರಗೆ ಬಂದು ನಿಂತಿದೆ. ಸೀಳಿದ ಕಡೆ ವಸಡು ಹಲ್ಲಿಗೆ ಅಂಟಿಕೊಂಡು ಬಾಗಿಲು ಮುಚ್ಚುತ್ತದೆ ನಿಜ, ಆದರೆ ಆ ಅಂಟಿನ ಪಟ್ಟಿ ಬಹಳ ತೆಳು, ಕೆಳತುದಿಯಲ್ಲಿ ಕೆಲವೇ ಜೀವಕೋಶಗಳಷ್ಟು ದಪ್ಪ. ಆ ಕೋಶಗಳ ನಡುವೆ ಸಂದುಗಳೂ ಇವೆ. ಜೊತೆಗೆ ಇನ್ನೊಂದು ತೊಂದರೆ. ಕೆನ್ನೆಯ ಒಳಗಿನ ಪೊರೆ ಸದಾ ಉದುರಿ ಹೊಸದಾಗುತ್ತಿರುತ್ತದೆ, ಅದರ ಮೇಲೆ ಕೂತ ಬ್ಯಾಕ್ಟೀರಿಯಾಗಳೂ ಜೊತೆಗೇ ಉದುರಿ ಹೋಗುತ್ತವೆ. ಹಲ್ಲಿನ ಮೈ ಹಾಗೆ ಉದುರುವುದಿಲ್ಲ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲು ನೋಡಿದ್ದೀರಲ್ಲ, ನೀರು ಮುಟ್ಟುವ ಗೆರೆಯಲ್ಲಿ ಪಾಚಿ ಕಟ್ಟಿರುತ್ತದೆ. ವಸಡು ಹಲ್ಲನ್ನು ಮುಟ್ಟುವ ಗೆರೆಯಲ್ಲೂ ಹಾಗೇ. ಮೇಲೆ ಹೊಳೆಯೇ ಹರಿದರೂ ಆ ಪಾಚಿ ಹೋಗುವುದಿಲ್ಲ, ತಿಕ್ಕಿದರೆ ಮಾತ್ರ ಹೋಗುತ್ತದೆ.

ಇಂಥ ಜಾಗಕ್ಕೆ ದೇಹ ಕಾವಲು ಹಾಕದೆ ಇರುತ್ತದಾ? ಆರೋಗ್ಯವಾಗಿರುವ ಬಾಯಲ್ಲೂ ನಿಮಿಷಕ್ಕೆ ಸುಮಾರು 30,000 ಬಿಳಿ ರಕ್ತಕಣಗಳು ವಸಡಿನ ಸಂದಿನಿಂದ ಬಾಯೊಳಗೆ ಬರುತ್ತವೆ ಎಂದು 1970ರ ಹೊತ್ತಿಗೇ ಲೆಕ್ಕ ಹಾಕಿದ್ದಾರೆ. ಹೆಚ್ಚಿನವು ನ್ಯೂಟ್ರೋಫಿಲ್ ಎಂಬ ಜಾತಿಯವು. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರು ಮಾಡುತ್ತದೆ. ಅವುಗಳ ಆಯಸ್ಸು ಚಿಕ್ಕದು. ಬರುತ್ತವೆ, ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ವಿಷ ಸುರಿದು ಕೊಲ್ಲುತ್ತವೆ, ಕೆಲವು ತಮ್ಮದೇ ಡಿಎನ್‌ಎ ಎಳೆಗಳನ್ನು ಬಲೆಯಂತೆ ಹೊರಗೆ ಚೆಲ್ಲಿ ಅದರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಸಿ ಸಾಯುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಪ್ರತಿ ಹಲ್ಲಿನ ಸುತ್ತ ಇದು ನಡೆಯುತ್ತಿದೆ. ಇಷ್ಟರವರೆಗೆ ಊತ ಇಲ್ಲ, ರಕ್ತ ಇಲ್ಲ, ನಮಗೆ ಗೊತ್ತೂ ಆಗುವುದಿಲ್ಲ.

ಒಂದೆರಡು ದಿನ ಒಂದು ಜಾಗವನ್ನು ಉಜ್ಜದೆ ಬಿಟ್ಟಿರಿ ಎಂದುಕೊಳ್ಳಿ. ಪಾಚಿ ದಪ್ಪವಾಗುತ್ತದೆ. ಬ್ಯಾಕ್ಟೀರಿಯಾಗಳ ಮೈಯಿಂದ ಉದುರಿದ ಚೂರುಗಳು ಆ ತೆಳು ಪಟ್ಟಿಯ ಸಂದುಗಳಲ್ಲಿ ಇಳಿಯುತ್ತವೆ. ವಸಡಿನ ಕೋಶಗಳ ಮೇಲೆ ಅಂಥ ಚೂರುಗಳನ್ನು ಗುರುತು ಹಿಡಿಯುವ ಕೊಂಡಿಗಳಿವೆ, ಟೋಲ್ ಲೈಕ್ ರಿಸೆಪ್ಟರ್ ಎನ್ನುತ್ತಾರೆ. ಚೂರು ತಾಗಿದ ಕೂಡಲೇ ಕೋಶ ಕೂಗು ಹಾಕುತ್ತದೆ. ಕೂಗು ಎಂದರೆ ಇಂಟರ್‌ಲ್ಯೂಕಿನ್ 8ರಂಥ ರಾಸಾಯನಿಕಗಳು. ಈ ರಾಸಾಯನಿಕ ಹಲ್ಲಿನ ಕಡೆಗೆ ಹೆಚ್ಚು, ರಕ್ತನಾಳದ ಕಡೆಗೆ ಕಮ್ಮಿ ಇರುತ್ತದೆ, ವಾಸನೆ ಹಿಡಿದು ಅಡುಗೆಮನೆಗೆ ಹೋದ ಹಾಗೆ ನ್ಯೂಟ್ರೋಫಿಲ್‌ಗಳು ಅದರ ಜಾಡು ಹಿಡಿದು ಬರುತ್ತವೆ. ಅಷ್ಟರಲ್ಲಿ ಪಕ್ಕದ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಸಣ್ಣ ರಕ್ತನಾಳಗಳು ಅಗಲವಾಗುತ್ತವೆ, ಅವುಗಳ ಗೋಡೆ ಸೋರಲು ಶುರುವಾಗುತ್ತದೆ. ನಾಲೆಯ ತೂಬು ಎತ್ತಿದಾಗ ಗದ್ದೆಗೆ ನೀರು ನುಗ್ಗಿದ ಹಾಗೆ ರಕ್ತದ ನೀರಿನಂಶ ವಸಡಿಗೆ ನುಗ್ಗುತ್ತದೆ. ಊತ ಎಂದರೆ ಇದೇ. ಆ ನೀರಿನಲ್ಲಿ ಆ್ಯಂಟಿಬಾಡಿಗಳಿವೆ, ಬ್ಯಾಕ್ಟೀರಿಯಾಕ್ಕೆ ಗುರುತು ಹಚ್ಚಿ ತೂತು ಕೊರೆಯುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳಿವೆ, ಸಂದಿನಿಂದ ಹೊರಗೆ ಹರಿಯುವಾಗ ಕೊಳೆಯನ್ನು ತೊಳೆಯುವ ಕೆಲಸವನ್ನೂ ಮಾಡುತ್ತದೆ. ನಾವು ಬೈಯುವ ಊತ ನಮ್ಮ ಒಳ್ಳೆಯದಕ್ಕೇ ಶುರುವಾದದ್ದು, ಇದನ್ನು ದಯವಿಟ್ಟು ಮರೆಯಬೇಡಿ.

ಇವನ್ನೆಲ್ಲ ದಿನದ ಲೆಕ್ಕದಲ್ಲಿ ಮೊದಲು ಚೆನ್ನಾಗಿ ಬರೆದಿಟ್ಟವರು ಪೇಜ್ ಮತ್ತು ಶ್ರೋಡರ್ ಎಂಬ ಇಬ್ಬರು, 1976ರಲ್ಲಿ. ಮೊದಲ 2ರಿಂದ 4 ದಿನ ನ್ಯೂಟ್ರೋಫಿಲ್‌ಗಳ ಓಡಾಟ. ಕನ್ನಡಿಯಲ್ಲಿ ನೋಡಿದರೆ ಏನೂ ಕಾಣದು. 4ರಿಂದ 7ನೇ ದಿನದ ಹೊತ್ತಿಗೆ ಲಿಂಫೋಸೈಟ್ ಎಂಬ ಇನ್ನೊಂದು ಪಡೆ, ಅದರಲ್ಲೂ ಟಿ ಕೋಶಗಳು, ಬಂದು ಸೇರುತ್ತವೆ. ವಸಡು ಕೆಂಪಾಗುವುದು, ಮುಟ್ಟಿದರೆ ರಕ್ತ ಬರುವುದು ಸುಮಾರು ಈ ಹಂತದಿಂದ. ಎರಡು ಮೂರು ವಾರ ಕಳೆದರೆ ಆ್ಯಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶಗಳು ಅಲ್ಲೇ ಬಿಡಾರ ಹೂಡುತ್ತವೆ.

ಹಾನಿ ಎಲ್ಲಿಂದ ಬಂತು ಎನ್ನುವುದಕ್ಕೆ ನಿಮ್ಮ ಮಂಡ್ಯದ್ದೇ ಉದಾಹರಣೆ ಕೊಡುತ್ತೇನೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಓಡಿಸಲು ಹತ್ತು ಜನ ದೊಣ್ಣೆ ಹಿಡಿದು ಒಳಗೆ ಹೋಗುತ್ತಾರೆ. ಹಂದಿ ಮುರಿದ ಕಬ್ಬು ಒಂದಷ್ಟು, ಜನ ತುಳಿದು ಮುರಿದ ಕಬ್ಬು ಇನ್ನೊಂದಷ್ಟು. ಒಂದು ರಾತ್ರಿಯ ಮಾತಾದರೆ ಗದ್ದೆ ತಡೆದುಕೊಳ್ಳುತ್ತದೆ. ದಿನಾ ರಾತ್ರಿ ಹಂದಿ ಬಂದು, ದಿನಾ ಹತ್ತು ಜನ ನುಗ್ಗಿದರೆ? ವಸಡಿನಲ್ಲೂ ಹೀಗೇ. ಅದನ್ನು ಬಿಗಿಯಾಗಿ ಹಿಡಿದಿರುವುದು ಕೊಲಾಜನ್ ನಾರು. ಸೇರಿಕೊಂಡ ಇಷ್ಟೊಂದು ಕೋಶಗಳಿಗೆ ಓಡಾಡಲು ದಾರಿ ಬೇಕು, ಅವು ಬಿಡುವ ಕಿಣ್ವಗಳು ನಾರನ್ನು ಕತ್ತರಿಸುತ್ತವೆ. ಮೇಲೆ ಹೇಳಿದ 4ರಿಂದ 7ನೇ ದಿನದ ಹಂತದಲ್ಲೇ, ಕೋಶಗಳು ತುಂಬಿದ ಆ ಸಣ್ಣ ಜಾಗದಲ್ಲಿ, ಕೊಲಾಜನ್‌ನ ನೂರಕ್ಕೆ 60ರಿಂದ 70 ಭಾಗ ಕರಗಿಹೋಗುತ್ತದೆ. ಒಳಗಿನ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಣ್ಣುಗಳಾಗುತ್ತವೆ, ಅದರ ಕೆಳಗೇ ಉಬ್ಬಿದ ರಕ್ತನಾಳ. ಬ್ರಷ್‌ನ ಎಳೆ ತಾಗಿದರೆ ಸಾಕು. ಬ್ರಷ್ ಗಾಯ ಮಾಡಿತು ಎಂದು ನಮಗನ್ನಿಸುತ್ತದೆ. ಗಾಯ ಆಗಲೇ ಇತ್ತು, ಬ್ರಷ್ ತೋರಿಸಿಕೊಟ್ಟಿತು.

ಸಮಾಧಾನದ ವಿಷಯ ಎಂದರೆ ಈ ಹಂತದಲ್ಲಿ ಎಲ್ಲವೂ ವಾಪಸ್ ಬರುತ್ತದೆ. ಮೂಳೆ ಇನ್ನೂ ಕರಗಿರುವುದಿಲ್ಲ. ಕೊಲಾಜನ್ ಮತ್ತೆ ಹುಟ್ಟುತ್ತದೆ. ಇದು ಸುಮ್ನೆ ಧೈರ್ಯಕ್ಕೆ ಹೇಳುವ ಮಾತಲ್ಲ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ವಸಡು ಚೆನ್ನಾಗಿದ್ದ 12 ಜನ, ಹೆಚ್ಚಿನವರು ದಂತವೈದ್ಯಕೀಯದ ವಿದ್ಯಾರ್ಥಿಗಳು. ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿ ಎಂದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರಿಗೆ ವಸಡಿನ ಉರಿಯೂತ ಬಂತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಉಜ್ಜಲು ಶುರು ಮಾಡಿಸಿದರು, ಸುಮಾರು ಒಂದು ವಾರಕ್ಕೆ ವಸಡು ಮೊದಲಿನಂತಾಯಿತು. ಮಾತ್ರೆ ಇಲ್ಲ, ಟಾನಿಕ್ ಇಲ್ಲ. ಆ ಹನ್ನೆರಡು ಜನರ ಇಮ್ಯೂನಿಟಿ ಮೂರು ವಾರದಲ್ಲಿ ಬಿದ್ದು ಒಂದು ವಾರದಲ್ಲಿ ಎದ್ದಿತೇ? ಇಲ್ಲ ಅಲ್ವಾ. ಕೊಳೆ ಇದ್ದಾಗ ಪಡೆ ಬಂತು, ಹೋದಾಗ ಹೋಯಿತು.

ಹಾಗಾಗಿ ನಿಮ್ಮ ಮಾತ್ರೆ ಮತ್ತು ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ವಿಟಮಿನ್ ಸಿ ಪೂರ್ತಿ ಇಲ್ಲವಾದರೆ ಸ್ಕರ್ವಿ ಬಂದು ವಸಡು ರಕ್ತ ಸುರಿಸುವುದು ನಿಜ, ಕೊಲಾಜನ್ ಕಟ್ಟಲು ಅದು ಬೇಕೇ ಬೇಕು. ಆದರೆ ಸ್ಕರ್ವಿ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕು. ಒಂದು ಸೀಬೆಹಣ್ಣು ತಿಂದರೆ ಅದರ ಎಷ್ಟೋ ಪಟ್ಟು ಸಿಗುತ್ತದೆ. ಹಣ್ಣು ತರಕಾರಿ ತಿನ್ನುವವರಿಗೆ ಮಾತ್ರೆಯಿಂದ ವಸಡಿಗೆ ಹೊಸ ಲಾಭವಿಲ್ಲ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ಬಂದಿವೆ, ಹಾಗಾಗಿ ವಸಡಿಗೋಸ್ಕರ ಅದನ್ನು ಕುಡಿಯಬೇಡಿ ಎನ್ನುತ್ತೇನೆ. ಇನ್ನು ಎರಡನೇ ಸ್ನೇಹಿತರ ಮಾತು ಕೇಳಿ ಊತ ತಗ್ಗಿಸುವ ಮಾತ್ರೆಗೆ ಹೋಗುವುದೂ ಬೇಡ. ನ್ಯೂಟ್ರೋಫಿಲ್‌ಗಳು ರಕ್ತನಾಳ ದಾಟಿ ಹೊರಗೆ ಬರಲಾಗದ ಒಂದು ಅಪರೂಪದ ಹುಟ್ಟು ಕಾಯಿಲೆ ಇದೆ. ಆ ಮಕ್ಕಳಿಗೆ ವಸಡಿನ ಕಾಯಿಲೆ ಭಯಂಕರವಾಗಿ ಬಂದು ಎಳೆ ವಯಸ್ಸಿನಲ್ಲೇ ಹಲ್ಲುಗಳು ಬಿದ್ದುಹೋಗುತ್ತವೆ. ಕಾವಲಿಲ್ಲದ ವಸಡು ಉಳಿಯುವುದಿಲ್ಲ.

ಮಾಡಬೇಕಾದ್ದು ಏನು? ಮೆತ್ತನೆಯ ಬ್ರಷ್ಷನ್ನು ವಸಡಿನ ಗೆರೆಗೆ ಓರೆಯಾಗಿ, ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಬರುವ ಹಾಗೆ ಹಿಡಿದು, ಸಣ್ಣದಾಗಿ ಅಲ್ಲಾಡಿಸಿ. ದಿನಕ್ಕೆರಡು ಸಲ, ಎರಡೆರಡು ನಿಮಿಷ. ಬೆಳಿಗ್ಗೆ ರೈಲಿನ ಅವಸರದಲ್ಲಿ ಅರ್ಧ ನಿಮಿಷಕ್ಕೆ ಮುಗಿಸುತ್ತಿದ್ದರೆ ಆಶ್ಚರ್ಯವಿಲ್ಲ, ಆದರೆ ರಾತ್ರಿಯದನ್ನು ಯಾವ ಕಾರಣಕ್ಕೂ ಬಿಡಬೇಡಿ, ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗಿ ಪಾಚಿಗೆ ಅನುಕೂಲವಾಗುತ್ತದೆ. ಹಲ್ಲಿನ ಸಂದಿಗೆ ಫ್ಲಾಸ್ ಅಥವಾ ಸಂದಿಯ ಸಣ್ಣ ಬ್ರಷ್. ನಮ್ಮ ಮನೆಗಳಲ್ಲಿ ಹಿರಿಯರು ನಂಜನಗೂಡಿನ ಹಲ್ಲುಪುಡಿಯನ್ನು ಬೆರಳಿನಿಂದ ಉಜ್ಜಿ ಬೆಳೆದವರು, ನನಗೂ ಆ ಪುಡಿಯ ವಾಸನೆ ಅಂದರೆ ಬಾಲ್ಯ. ಬೆರಳಿಗೆ ಮಾತ್ರ ಸಂದಿಗೆ ಇಳಿಯಲಾಗದು, ಬೇವಿನ ಕಡ್ಡಿಗೂ ಒಳಗಿನ ಬದಿ ಸಿಗುವುದು ಕಷ್ಟ. ಉಪ್ಪುನೀರು ಹಿತ ಕೊಡುತ್ತದೆ, ಮುಕ್ಕಳಿಸಿ, ಆದರೆ ಸ್ನಾನಘಟ್ಟದ ಪಾಚಿ ನೆನಪಿರಲಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದರೆ ಹೇಳಿದಷ್ಟೇ ದಿನ ಬಳಸಿ, ಜಾಸ್ತಿ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಕೆಳಗಿನ ಮುಂದಿನ ಹಲ್ಲು ಎಂದಿರಿ. ನಾಲಿಗೆಯ ಕೆಳಗೆ ಜೊಲ್ಲಿನ ನಾಳಗಳು ತೆರೆಯುವುದು ಆ ಹಲ್ಲುಗಳ ಹಿಂದೆಯೇ. ಜೊಲ್ಲಿನ ಕ್ಯಾಲ್ಸಿಯಂ ಪಾಚಿಯಲ್ಲಿ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ, ಹಾಗಾಗಿ ಗಾರೆ ಮೊದಲು ಕಟ್ಟುವ ಜಾಗಗಳಲ್ಲಿ ಅದೂ ಒಂದು. ಗಾರೆ ಬ್ರಷ್‌ಗೆ ಬರುವುದಿಲ್ಲ, ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಡೆಯುವುದು ಇಷ್ಟು: ಸಂದಿಯನ್ನು ತುಂಬಿದ್ದ ಗಾರೆ ಹೋಯಿತು, ಊದಿದ್ದ ವಸಡು ಇಳಿಯಿತು, ಮೊದಲೇ ಇದ್ದ ಸಂದಿ ಈಗ ಕಂಡಿತು. ಈ ಮಾತನ್ನು ನಂಬಿ ಕ್ಲೀನಿಂಗ್ ತಪ್ಪಿಸಿಕೊಂಡು, ಕೊನೆಗೆ ಹಲ್ಲೇ ಕೀಳಿಸಿಕೊಂಡವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೀಡಿ ಸಿಗರೇಟು ಇದ್ದರೆ ಲೆಕ್ಕವೇ ಬೇರೆ. ಹೊಗೆ ಸೇದುವವರ ವಸಡಿನಲ್ಲಿ ರಕ್ತ ಕಮ್ಮಿ ಬರುತ್ತದೆ, ಒಳಗೆ ಹಾನಿ ಜಾಸ್ತಿ ಆಗುತ್ತಿರುತ್ತದೆ. ಎಚ್ಚರಿಕೆಯ ಗಂಟೆಯೇ ಕೇಳಿಸುವುದಿಲ್ಲ. ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗೆ ಸರಿದು ಹಲ್ಲಿನ ಬೇರು ಕಾಣುತ್ತದೆ, ಬಾಯಿ ಕ್ಯಾನ್ಸರಿನ ಭಯವಂತೂ ಇದ್ದೇ ಇದೆ.

ಇನ್ನೊಂದು ಎಚ್ಚರಿಕೆ. ಏನೂ ತಾಗದೆ ತಾನಾಗಿ ರಕ್ತ ಒಸರುವುದು, ಜೊತೆಗೆ ಜ್ವರ, ಮೈಮೇಲೆ ಕೆಂಪು ಚುಕ್ಕಿ ಅಥವಾ ನೀಲಿ ಗುರುತು, ವಿಪರೀತ ಸುಸ್ತು ಇದ್ದರೆ ಹಲ್ಲಿನ ಡಾಕ್ಟರಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗ್ಯೂನಲ್ಲೂ ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲೂ ವಸಡು ಹೀಗೆ ರಕ್ತ ಬಿಡುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಅಮ್ಮ ಮತ್ತು ಚಿಕ್ಕಮ್ಮನ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಪಕ್ಕದ ಶ್ರೀಲಂಕಾದಲ್ಲಿದೆ. ಅಲ್ಲಿನ ಟೀ ತೋಟದ 480 ಗಂಡಸರನ್ನು ಅದೇ ಲೋ ಅವರ ತಂಡ 1970ರಿಂದ 15 ವರ್ಷ ಗಮನಿಸಿತು. ಅವರಲ್ಲಿ ಹಲ್ಲುಜ್ಜುವ ಅಭ್ಯಾಸವೇ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ, ಗಾರೆ, ವಸಡಿನಲ್ಲಿ ಉರಿಯೂತ. ಆದರೂ ನೂರಕ್ಕೆ 8 ಜನರಲ್ಲಿ ಕಾಯಿಲೆ ವೇಗವಾಗಿ ಮುಂದುವರಿಯಿತು, 81 ಜನರಲ್ಲಿ ಮಧ್ಯಮ ವೇಗದಲ್ಲಿ, 11 ಜನರಲ್ಲಿ ವಸಡಿನ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ. ಕೊಳೆ ಒಂದೇ, ಊರು ಒಂದೇ, ಕೆಲಸ ಒಂದೇ. ಹಂದಿ ಓಡಿಸಲು ಎಷ್ಟು ಜನ ನುಗ್ಗುತ್ತಾರೆ, ಓಡಿಸಿದ ಮೇಲೆ ಗದ್ದೆಯಿಂದ ಹೊರಗೆ ಬರುತ್ತಾರೋ ಅಲ್ಲೇ ನಿಲ್ಲುತ್ತಾರೋ ಎನ್ನುವುದು ಒಬ್ಬೊಬ್ಬರ ದೇಹದಲ್ಲಿ ಒಂದೊಂದು ಥರ. ನಿಲ್ಲದೆ ಮುಂದುವರಿದರೆ ಉರಿಯೂತ ಮೂಳೆಯವರೆಗೆ ಇಳಿಯುತ್ತದೆ, ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತದೆ, ಅದಕ್ಕೆ ಪೆರಿಯೊಡಾಂಟೈಟಿಸ್ ಎಂದು ಹೆಸರು. ಕರಗಿದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ನಿಮ್ಮ ಚಿಕ್ಕಮ್ಮ ಆ 11ರ ಗುಂಪಿನವರಿರಬಹುದು. ನೀವು ಯಾವ ಗುಂಪು ಎಂದು ಈಗಲೇ ಹೇಳುವ ಪರೀಕ್ಷೆ ನನ್ನ ಹತ್ತಿರ ಇಲ್ಲ, ಅಮ್ಮನಿಗೆ ಹೀಗಾಗಿದೆ ಎಂದ ಮೇಲೆ ನೀವು ಜಾಸ್ತಿ ಹುಷಾರಾಗಿರುವುದು ಒಳ್ಳೆಯದು.

ಅಮ್ಮನ ವಿಷಯದಲ್ಲಿ ಸಕ್ಕರೆ ಕಾಯಿಲೆಯೂ ಸೇರಿಕೊಂಡಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನ್ಯೂಟ್ರೋಫಿಲ್‌ಗಳು ಚುರುಕಾಗಿ ಬಂದು ಕೊಲ್ಲುವುದಿಲ್ಲ, ಉರಿಯೂತ ಮಾತ್ರ ಬೇಗ ಆರುವುದಿಲ್ಲ, ಹೊಸ ಕೊಲಾಜನ್ ಕಟ್ಟುವುದೂ ನಿಧಾನ. ಮೂರೂ ಕಡೆಯಿಂದ ಏಟು. ಇದು ಎರಡೂ ದಿಕ್ಕಿಗೆ ನಡೆಯುತ್ತದೆ. ವಸಡಿನ ಉರಿಯೂತ ಸಕ್ಕರೆಯನ್ನೂ ಏರಿಸುತ್ತದೆ, ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ, ಶೇಕಡಾದಲ್ಲಿ ಹೇಳುವ ರಕ್ತ ಪರೀಕ್ಷೆ) ಸರಾಸರಿ 0.4 ಅಂಶದಷ್ಟು ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ವಯಸ್ಸಾಯಿತು, ಹಲ್ಲು ಹೋಗುವುದು ಸಹಜ ಎಂದು ಮನೆಯಲ್ಲಿ ಸುಮ್ಮನಾಗಿದ್ದರೆ ದಯವಿಟ್ಟು ಸುಮ್ಮನಾಗಬೇಡಿ. ಅಲ್ಲಾಡುವ ಹಲ್ಲುಗಳಲ್ಲೂ ಎಷ್ಟೋ ಉಳಿಸಬಹುದು. ನೀವು ಕ್ಲೀನಿಂಗ್‌ಗೆ ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ, ಅವರ ಇತ್ತೀಚಿನ ಶುಗರ್ ರಿಪೋರ್ಟ್ ಮತ್ತು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ, ಕೆಲವರಲ್ಲಿ ಆ ಮಾತ್ರೆಯಿಂದಲೂ ವಸಡು ಬೆಳೆಯುತ್ತದೆ. ಹಾಗೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಬರಲಿ, ಹಸಿದುಕೊಂಡು ಬರುವುದು ಬೇಡ.